ಬೆತ್ತದ ಕತ್ತಿ ಹಿಡಿದು ರಾಜ ಆಗೋದು ಅಂದ್ರೆ ಏನು?

ಹೋದ ಸಂಚಿಕೆಯಲ್ಲಿ ಮಂಡ್ಯದ ಒಬ್ಬ ತಾಯಿಯ ಪತ್ರಕ್ಕೆ ನಾಲ್ಕೇ ಸಾಲಲ್ಲಿ ಉತ್ತರ ಬರೆದು ಮುಗಿಸಿದ್ದೆ. ತಪ್ಪು ಮಾಡಿದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅದೇ ವಿಷಯ. ಹಾಗಾಗಿ ಈ ಸಲ ಸೈಟಿನ ಖಾತೆ, ಮಂಡಿ ನೋವು, ಅತ್ತೆ ಸೊಸೆ ಎಲ್ಲ ಪಕ್ಕಕ್ಕಿಟ್ಟು ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ. ಓದದೇ ಇದ್ದವರಿಗಾಗಿ ಆ ತಾಯಿಯ ಪತ್ರವನ್ನೇ ಮೊದಲು ಹಾಕುತ್ತೇನೆ.

ಪ್ರಶ್ನೆ: ನನ್ನ ಮಗ ಅಮೆರಿಕದ ಒಹಾಯೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮೊನ್ನೆ ಫೋನ್ ಮಾಡಿ, "ಅಮ್ಮ, ಈ ತಿಂಗಳ ಕೊನೆಗೆ ನಾನು ಹೊಡೆದಾಡ್ತೀನಿ, ಗೆದ್ರೆ ರಾಜ ಆಗ್ತೀನಿ, ನಿನ್ ಸೊಸೆ ರಾಣಿ" ಅಂದ. ತಮಾಷೆ ಅಂದುಕೊಂಡೆ. ಫೋಟೋ ಕಳಿಸಿದ. ತಲೆಗೆ ಕಬ್ಬಿಣದ ಡಬ್ಬ, ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದರಲ್ಲಿ ಗುರಾಣಿ. ನಮ್ಮ ಯಜಮಾನರು ಎರಡು ದಿನ ಸರಿಯಾಗಿ ಊಟ ಮಾಡಿಲ್ಲ. ಇದು ಯಾವುದಾದರೂ ಪಂಥವಾ? ಅವನ ಕೆಲಸ ಹೋಗಿದೆಯಾ? ಪೆಟ್ಟು ಬೀಳಲ್ವಾ?
— ಹೆಸರು ಬೇಡ, ವಿದ್ಯಾನಗರ, ಮಂಡ್ಯ

ಉತ್ತರ: ಅಕ್ಕ, ಕೆಲಸ ಹೋಗಿಲ್ಲ. ಕೆಲಸ ಹೋದವರಿಗೆ ಈ ಆಟ ಆಡೋಕೆ ಕೈಯಲ್ಲಿ ದುಡ್ಡಿರಲ್ಲ. ಪಂಥವೂ ಅಲ್ಲ. ಯಜಮಾನರಿಗೆ ಊಟಕ್ಕೆ ಕೂರೋಕೆ ಹೇಳಿ.

ಇದರ ಹೆಸರು ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ. ಹೇಳೋಕೆ ನಾಲಿಗೆ ತಿರುಗಲ್ಲ, ಅಲ್ಲಿಯವರೂ ಎಸ್‌ಸಿಎ ಅಂತಲೇ ಕರೆಯುತ್ತಾರೆ. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಡಯಾನಾ ಪ್ಯಾಕ್ಸನ್ ಅನ್ನುವವರ ಮನೆ ಹಿತ್ತಲಿನಲ್ಲಿ, ಒಂದಿಷ್ಟು ಗೆಳೆಯರು ಹಳೇ ಕಾಲದ ಯುರೋಪಿನ ವೇಷ ಹಾಕಿಕೊಂಡು ಒಂದು ಪಂದ್ಯ ನಡೆಸಿದರು. ಸುಮ್ನೆ ಒಂದು ದಿನದ ಪಾರ್ಟಿ. ಅದು ಎಲ್ಲರಿಗೂ ಎಷ್ಟು ಹಿಡಿಸಿತು ಅಂದರೆ ಮತ್ತೆ ಸೇರೋಣ ಅಂದರು, ಈ ಸಲ ಊರಿನ ಪಾರ್ಕ್ ಕೇಳಿದರು, ಪಾರ್ಕಿನ ಅರ್ಜಿಯಲ್ಲಿ ಸಂಘದ ಹೆಸರು ಬರೀಬೇಕಿತ್ತು, ಆಗ ಹುಟ್ಟಿದ್ದು ಈ ಉದ್ದದ ಹೆಸರು. ನಮ್ಮಲ್ಲೂ ಗಣಪತಿ ಕೂರಿಸೋಕೆ ಪರ್ಮಿಷನ್ ಕೇಳುವಾಗಲೇ ಎಷ್ಟೋ ಯುವಕರ ಸಂಘಗಳು ಹುಟ್ಟಿರೋದು, ಅಲ್ವಾ?

ಈಗ ಅವರದು 20 ರಾಜ್ಯಗಳು. ನಿಜವಾದ ಭೂಪಟದ ಮೇಲೆ ಗೆರೆ ಎಳೆದು ಹಂಚಿಕೊಂಡಿದ್ದಾರೆ. ನಿಮ್ಮ ಮಗ ಇರುವ ಒಹಾಯೋ ‘ಮಿಡ್ಲ್ ಕಿಂಗ್‌ಡಂ’ಗೆ ಸೇರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ ಒಂದು ರಾಜ್ಯ, ಯುರೋಪಿಗೆ ಒಂದು. ರಾಜ್ಯಕ್ಕೊಬ್ಬ ರಾಜ, ಒಬ್ಬಳು ರಾಣಿ. ರಾಜನನ್ನು ಆರಿಸೋದು ಓಟಿನಿಂದಲ್ಲ, ವಂಶದಿಂದಲೂ ಅಲ್ಲ. ಪಂದ್ಯ ಗೆದ್ದವನು ರಾಜ. ಪಂದ್ಯಕ್ಕೆ ಇಳಿಯುವಾಗಲೇ ‘ನಾನು ಇವರ ಪರವಾಗಿ ಹೋರಾಡುತ್ತೇನೆ’ ಅಂತ ಒಬ್ಬರ ಹೆಸರು ಹೇಳಬೇಕು, ಗೆದ್ದರೆ ಅವರಿಗೂ ಪಟ್ಟ. ಅದಕ್ಕೇ ನಿಮ್ಮ ಸೊಸೆ ರಾಣಿ ಅಂದಿದ್ದು. ಹೆಂಗಸರೂ ಕತ್ತಿ ಹಿಡಿಯಬಹುದು, ಹಾಗೆ ತಮ್ಮ ಕೈಯಾರೆ ಗೆದ್ದು ಪಟ್ಟಕ್ಕೆ ಬಂದವರಿದ್ದಾರೆ, ಆಗ ಗಂಡನೇ ರಾಣಿಯ ಪಕ್ಕದಲ್ಲಿ ಕೂರೋದು. ಪಟ್ಟ ಹೆಚ್ಚಿನ ಕಡೆ ಆರು ತಿಂಗಳು. ಆಮೇಲೆ ಇಳಿಯಲೇಬೇಕು. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಅಧ್ಯಕ್ಷರು ಒಪ್ಪಂದ ಮಾಡಿಕೊಂಡು ಸರದಿ ಪ್ರಕಾರ ರಾಜೀನಾಮೆ ಕೊಡ್ತಾರಲ್ಲ (ಕೊಡಲ್ಲ, ಅದು ಬೇರೆ ಮಾತು), ಆ ಥರ ಅಂದುಕೊಳ್ಳಿ.

ಇನ್ನು ಪೆಟ್ಟಿನ ವಿಷಯ. ಫೋಟೋದಲ್ಲಿ ನೀವು ನೋಡಿದ ದೊಣ್ಣೆ ಬೆತ್ತ ಅಕ್ಕ. ನಮ್ಮ ಮೇಷ್ಟರ ಕೈಯಲ್ಲಿದ್ದ ಅದೇ ಬೆತ್ತ, ಆದರೆ ಒಂದೂಕಾಲು ಇಂಚು ದಪ್ಪ, ಮೇಲೆ ಬೂದು ಬಣ್ಣದ ಅಂಟುಪಟ್ಟಿ ಸುತ್ತಿರುತ್ತಾರೆ. ರಾಜನಾಗೋ ಈ ಪಂದ್ಯದಲ್ಲಿ ಉಕ್ಕಿನ ಕತ್ತಿ ಇಲ್ಲವೇ ಇಲ್ಲ. ತಲೆಯ ಡಬ್ಬ ಮಾತ್ರ ನಿಜವಾದ ಉಕ್ಕು, 16 ಗೇಜ್ ದಪ್ಪದ ತಗಡು, ಮುಖದ ಮುಂದಿನ ಸರಳುಗಳ ನಡುವೆ ಒಂದು ಇಂಚಿನ ಕೋಲು ತೂರಬಾರದು ಅಂತ ನಿಯಮ. ಕುತ್ತಿಗೆ, ಮೊಣಕೈ, ಮಂಡಿ, ಸೊಂಟದ ಹಿಂದೆ ಕಿಡ್ನಿ ಇರೋ ಜಾಗ, ಕೈಬೆರಳು, ಎಲ್ಲಕ್ಕೂ ಕವಚ ಕಡ್ಡಾಯ. ತಪಾಸಣೆ ಆಗದೆ ಕಣಕ್ಕೆ ಬಿಡಲ್ಲ. ಮೊದಲು ಪರೀಕ್ಷೆ ಪಾಸಾಗಿ ಅನುಮತಿ ಪಡೆದವರು ಮಾತ್ರ ಹೊಡೆದಾಡಬಹುದು. ಹಾಗಂತ ನೋವೇ ಆಗಲ್ಲ ಅಂತ ಸುಳ್ಳು ಹೇಳಲ್ಲ. ತೊಡೆ ಮೇಲೆ, ತೋಳಿನ ಮೇಲೆ ನೇರಳೆ ಹಣ್ಣಿನ ಬಣ್ಣದ ಕಲೆಗಳು ಗ್ಯಾರಂಟಿ.

ನಾನು ಒಂದು ಸಲ ಕಣ್ಣಾರೆ ನೋಡಿದ್ದೇನೆ. ತಂಗಿ ಮನೆಗೆಂದು ಹೋಗಿದ್ದಾಗ ಭಾನುವಾರ ಬೆಳಿಗ್ಗೆ ವಾಕಿಂಗ್ ಹೊರಟೆ. ಪಾರ್ಕಿನ ಮೂಲೆಯಲ್ಲಿ ಹತ್ತು ಹನ್ನೆರಡು ಜನ ಕಾರಿನ ಡಿಕ್ಕಿ ತೆಗೆದು ಕಬ್ಬಿಣ ಇಳಿಸುತ್ತಿದ್ದರು. ಗುಜರಿ ವ್ಯಾಪಾರ ಅಂದುಕೊಂಡೆ. ಅರ್ಧ ಗಂಟೆಯಲ್ಲಿ ಅದೆಲ್ಲ ಮೈಮೇಲೆ ಏರಿತು. ಅದರಲ್ಲಿ ಒಬ್ಬರಿಗೆ ಐವತ್ತು ದಾಟಿದೆ, ನನಗಿಂತ ದೊಡ್ಡ ಹೊಟ್ಟೆ. ಎದುರು ನಿಂತವನು ಇಪ್ಪತ್ತೈದರ ಹುಡುಗ, ಎತ್ತರದ ಆಳು. ತೂಕದ ವಿಭಾಗ ಅನ್ನೋದೇ ಇಲ್ಲ ಈ ಆಟದಲ್ಲಿ. ಹುಡುಗ ಬೀಸಿದ ಏಟು ಹೊಟ್ಟೆಯವರ ತೊಡೆಗೆ ‘ಠಪ್’ ಅಂತ ಬಿತ್ತು, ನಮ್ಮ ಅಗಸರ ಕಟ್ಟೆಯಲ್ಲಿ ಒದ್ದೆ ಪಂಚೆ ಬಡಿದ ಸದ್ದು. ಯಾರೂ ವಿಷಲ್ ಊದಲಿಲ್ಲ. ಆತನೇ "ಗುಡ್" ಅಂದು ಹುಲ್ಲಿನ ಮೇಲೆ ಮಂಡಿಯೂರಿ ಕೂತರು. ಕಾಲು ಹೋಯಿತು ಅಂತ ಲೆಕ್ಕ, ಇನ್ನು ಮಂಡಿ ಮೇಲೇ ಕಾದಬೇಕು. ಕೂತೇ ಎರಡು ಏಟು ತಡೆದರು, ಮೂರನೆಯದಕ್ಕೆ ಗುರಾಣಿ ಸ್ವಲ್ಪ ಎತ್ತಿ ಅದರ ಅಡಿಯಿಂದ ಹುಡುಗನ ಪಕ್ಕೆಗೆ ಒಂದು ಕೊಟ್ಟರು ನೋಡಿ, ಹುಡುಗ ನಾಟಕದವನ ಥರ ತಿರುಗಿ ಬಿದ್ದು ಅಂಗಾತ ಮಲಗಿದ. ಎದ್ದು ಇಬ್ಬರೂ ನಕ್ಕರು. ಡಬ್ಬ ತೆಗೆದಾಗ ತಲೆಯಿಂದ ಹಬೆ ಏಳುತ್ತಿತ್ತು. ಒಬ್ಬಾಕೆ ಬಾಟಲಿ ಹಿಡಿದು ಬಂದರು. ನೀರಲ್ಲ, ಸೌತೆಕಾಯಿ ಉಪ್ಪಿನಕಾಯಿಯ ಉಪ್ಪುನೀರು! ಬೆವರಿದವರಿಗೆ ಅದೇ ಒಳ್ಳೆಯದಂತೆ. ನನಗೂ ಕೊಟ್ಟರು. ಬೇಡ ಅನ್ನೋಕೆ ಆಗಲಿಲ್ಲ, ಕುಡಿದೆ, ಆ ಹುಳಿ ನೆನೆಸಿಕೊಂಡರೆ ಇವತ್ತಿಗೂ ಹಲ್ಲು ಜುಮ್ಮೆನ್ನುತ್ತದೆ.

ಪ್ರಶ್ನೆ: ಹೋದ ಸಂಚಿಕೆಯಲ್ಲಿ ‘ಏಟು ಬಿದ್ದವನೇ ಬಿತ್ತು ಅಂತ ಹೇಳಬೇಕು’ ಅಂತ ಬರೆದಿದ್ದೀರಿ. ನಾನು ಚಿಕ್ಕಂದಿನಿಂದ ಗರಡಿಯಲ್ಲಿ ಬೆಳೆದವನು, ಈಗ ವಯಸ್ಸು ಎಪ್ಪತ್ತಮೂರು. ನಮ್ಮಲ್ಲಿ ಬೆನ್ನಿಗೆ ಮಟ್ಟಿ ಮಣ್ಣು ಅಂಟಿದ್ದರೂ ‘ನಾನೆಲ್ಲಿ ಚಿತ್ ಆದೆ’ ಅನ್ನೋ ಪೈಲ್ವಾನರನ್ನು ನೋಡಿದ್ದೇನೆ. ರಾಜನ ಪಟ್ಟ ಎದುರಿಗಿರುವಾಗ ಯಾವ ಗಂಡು ಒಪ್ಪಿಕೊಳ್ಳುತ್ತಾನೆ? ನಂಬೋ ಮಾತಾ ಇದು?
— ಹಳೇ ಪೈಲ್ವಾನ್, ಇಟ್ಟಿಗೆಗೂಡು, ಮೈಸೂರು

ಉತ್ತರ: ಉಸ್ತಾದರೇ, ನಮಸ್ಕಾರ. ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ನಿಮ್ಮದೇ. ನನಗೂ ಇದೇ ಅನುಮಾನ ಇತ್ತು.

ಕಣದ ಸುತ್ತ ‘ಮಾರ್ಷಲ್’ ಅಂತ ಜನ ನಿಂತಿರುತ್ತಾರೆ. ಆದರೆ ಅವರ ಕೆಲಸ ಪಾಯಿಂಟ್ ಕೊಡೋದಲ್ಲ. ಕವಚ ಬಿಚ್ಚಿಕೊಂಡಿತು, ಯಾರೋ ಎಡವಿದರು ಅಂದರೆ "ಹೋಲ್ಡ್!" ಅಂತ ಕೂಗೋದು, ಆಗ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಏಟು ಸರಿಯಾಗಿ ಬಿತ್ತಾ, ಜಾರಿತಾ, ಬರೀ ತಾಗಿತಾ, ಇದನ್ನು ತೀರ್ಮಾನಿಸೋದು ಏಟು ತಿಂದವನು. ಅಳತೆಗೋಲು ಹೀಗಿದೆ: ಎಲ್ಲರೂ ಕಬ್ಬಿಣದ ಉಂಗುರ ಹೆಣೆದ ಅಂಗಿ ತೊಟ್ಟಿದ್ದಾರೆ ಅಂತ ಅಂದುಕೊಳ್ಳಬೇಕು, ಕೈಯಲ್ಲಿರೋ ಬೆತ್ತ ನಿಜವಾದ ಹರಿತದ ಕತ್ತಿ ಅಂದುಕೊಳ್ಳಬೇಕು, ಆಗ ಈ ಏಟಿಗೆ ನಾನು ಸಾಯುತ್ತಿದ್ದೆನಾ ಅಂತ ತನ್ನನ್ನೇ ಕೇಳಿಕೊಳ್ಳಬೇಕು. ತಲೆಗೆ, ಮೈಗೆ ಬಿದ್ದರೆ ಸತ್ತ ಲೆಕ್ಕ. ಕೈಗೆ ಬಿದ್ದರೆ ಆ ಕೈ ಬೆನ್ನ ಹಿಂದೆ. ಕಾಲಿಗಾದರೆ ಮಂಡಿ. ಮೊಣಕಾಲಿಗೆ ಒಂದು ಇಂಚು ಮೇಲಿನಿಂದ ಕೆಳಕ್ಕೆ ಹೊಡೆಯೋ ಹಾಗಿಲ್ಲ.

ಮೋಸ ನಡೆಯಲ್ವಾ? ನಡೆಯುತ್ತೆ. ಏಟು ಬಿದ್ದರೂ ಬಿದ್ದಿಲ್ಲ ಅನ್ನೋನಿಗೆ ಅಲ್ಲಿ ‘ಘೇಂಡಾಮೃಗ’ ಅಂತ ಅಡ್ಡಹೆಸರು. ನಾವು ಎಮ್ಮೆ ಚರ್ಮ ಅಂತೀವಲ್ಲ, ಪಕ್ಕಾ ಅದೇ. ಆದರೆ ಈಗ ಲೆಕ್ಕ ಹಾಕಿ ನೋಡಿ. ಪಂದ್ಯದಲ್ಲಿ ಒಬ್ಬನಾದ ಮೇಲೆ ಒಬ್ಬನ ಜೊತೆ ಕಾದಬೇಕು, ಸಾಮಾನ್ಯವಾಗಿ ಎರಡು ಸಲ ಸೋತರೆ ಹೊರಗೆ. ಸುತ್ತ ನೂರಾರು ಜನ ನೋಡುತ್ತಿರುತ್ತಾರೆ, ಅದರಲ್ಲಿ ಮೂವತ್ತು ವರ್ಷ ಏಟು ತಿಂದ ಹಳಬರಿದ್ದಾರೆ, ಸದ್ದು ಕೇಳಿದರೇ ಸಾಕು ಅವರಿಗೆ. ಹೀಗೆ ಒಪ್ಪದೇ ಒಪ್ಪದೇ ರಾಜ ಆದ ಅಂತಿಟ್ಟುಕೊಳ್ಳಿ. ಆರು ತಿಂಗಳು ಯಾರ ಮುಂದೆ ಕೂರಬೇಕು? ಇದೇ ಜನದ ಮುಂದೆ. ಅವರು ಬಗ್ಗಿ ನಮಸ್ಕಾರ ಮಾಡುತ್ತಾರೆ, ನಿಯಮ ಇದೆಯಲ್ಲ, ಆದರೆ ಕಣ್ಣಲ್ಲಿ ಏನಿರುತ್ತೆ ಅನ್ನೋದು ನಿಮಗೆ ನಾನು ಹೇಳಬೇಕಾ? ಕಿರೀಟಕ್ಕೆ ಸರ್ಕಾರದ ಬೆಲೆಯಿಲ್ಲ, ದುಡ್ಡಿಲ್ಲ, ಅಧಿಕಾರವೂ ಅಷ್ಟಕ್ಕಷ್ಟೇ. ಇರೋದೆಲ್ಲ ಆ ನಾಲ್ಕು ಜನ ಕೊಡೋ ಮರ್ಯಾದೆ. ಅದನ್ನೇ ಕಳೆದುಕೊಂಡು ಗೆದ್ದರೆ ಗೆದ್ದಿದ್ದು ತಗಡು.

ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ನೆನಪಿದೆಯಾ? 1980ರಲ್ಲಿ ಮುಂಬೈ ಟೆಸ್ಟಿನಲ್ಲಿ ಕ್ಯಾಪ್ಟನ್ ಆಗಿದ್ದರು. ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಾಗಿತ್ತು. ಔಟಲ್ಲ ಅಂತ ಇವರಿಗೆ ಅನ್ನಿಸಿತು, ವಾಪಸ್ ಕರೆದರು. ಪಂದ್ಯ ಸೋತೆವು. ಅದರ ಸ್ಕೋರು ಕೇಳಿದರೆ ನನಗೆ ನೆನಪಿಲ್ಲ, ಕರೆದಿದ್ದು ನೆನಪಿದೆ.

ಇನ್ನೊಂದು ಮಾತು, ಇದು ನಿಮಗೆ ಇಷ್ಟ ಆಗುತ್ತೆ. 1530ರ ದಶಕದ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನುನಿಜ್, ಮಹಾನವಮಿಯಲ್ಲಿ ಜಟ್ಟಿಗಳು ಕೈಯಲ್ಲಿ ಮೊನೆಯಿರುವ ಬಳೆ ಹಿಡಿದು ಹೊಡೆದಾಡೋದನ್ನು ಹೇಳುತ್ತಾನೆ. ಇವತ್ತಿಗೂ ವಿಜಯದಶಮಿ ದಿನ ನಮ್ಮ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ನೋಡಿದವರಿಗೆ ಇದು ಹೊಸದೇನಲ್ಲ, ಅಲ್ಲೂ ತಲೆಯಲ್ಲಿ ರಕ್ತ ಕಂಡ ತಕ್ಷಣ ನಿಲ್ಲಿಸುತ್ತಾರೆ. ಆದರೆ ನುನಿಜ್ ಹೇಳೋದು ಕೇಳಿ: ರಾಜ ಕೊಡೋ ರೇಷ್ಮೆ ಬಟ್ಟೆ ಹೆಚ್ಚು ಗಾಯ ಆದವನಿಗಂತೆ! ಗೆದ್ದವನಿಗಲ್ಲ. ಹಾಗಿದ್ದ ಮೇಲೆ ‘ನನಗೆ ಏಟು ಬಿದ್ದಿಲ್ಲ’ ಅನ್ನೋ ಪ್ರಶ್ನೆಯೇ ಬರಲ್ಲ ನೋಡಿ.

ಪ್ರಶ್ನೆ: ಆರು ತಿಂಗಳಾದ ಮೇಲೆ ರಾಜ ಏನಾಗ್ತಾನೆ? ಮಾಜಿ ರಾಜ ಅಂತಾನಾ? ಮತ್ತೆ ನೈಟ್, ಡ್ಯೂಕ್, ಬ್ಯಾರನ್ ಇವೆಲ್ಲ ಹೊಡೆದಾಡಿಯೇ ಸಿಗೋದಾ?
— ಬಿ.ಎ. ವಿದ್ಯಾರ್ಥಿ, ಸರಸ್ವತಿಪುರಂ, ಮೈಸೂರು

ಉತ್ತರ: ಮಾಜಿ ಅನ್ನೋ ಪದ ಅವರಲ್ಲಿಲ್ಲ, ಅದು ನಮ್ಮ ಶಾಸಕರಿಗೆ ಮಾತ್ರ. ಒಂದು ಸಲ ಪಟ್ಟ ಮುಗಿಸಿ ಇಳಿದವನು ‘ಕೌಂಟ್’. ಎರಡು ಸಲ ಆಳಿದರೆ ‘ಡ್ಯೂಕ್’. ಜೊತೆಗಿದ್ದ ರಾಣಿ ಕೌಂಟೆಸ್, ಡಚೆಸ್. ರಾಜ್ಯದೊಳಗೆ ಸಣ್ಣ ಸಂಸ್ಥಾನ ಇದ್ದು ಅದನ್ನು ಗೆದ್ದು ಆಳಿದರೆ ‘ವೈಕೌಂಟ್’. ಇವೆಲ್ಲ ಸಾಯೋವರೆಗೂ ಉಳಿಯುತ್ತವೆ. ಹೊಡೆದಾಟದಿಂದಲೇ ನೇರವಾಗಿ ಸಿಗೋದು ಇಷ್ಟೇ.

ನೈಟ್‌ದು (ವೀರಯೋಧನ ಬಿರುದು ಅದು) ಬೇರೆ ಕತೆ, ತಮಾಷೆ ಇರೋದೂ ಅಲ್ಲೇ. ನೀನು ಹತ್ತು ಪಂದ್ಯ ಗೆಲ್ಲು, ರಾಜನೇ ಆಗು, ಅಷ್ಟಕ್ಕೇ ನೈಟ್ ಆಗಲ್ಲ. ಆಗಲೇ ನೈಟ್ ಆಗಿರೋರೆಲ್ಲ ಒಂದು ಕಡೆ ಕೂತು ನಿನ್ನ ಬಗ್ಗೆ ಮಾತಾಡುತ್ತಾರೆ. ಕೈಚಳಕ ಹೇಗಿದೆ ಅನ್ನೋದು ಒಂದು. ಸೋತಾಗ ಹೇಗಿರ್ತಾನೆ, ಹೊಸ ಹುಡುಗರಿಗೆ ಹೇಳಿಕೊಡ್ತಾನಾ, ಏಟು ಒಪ್ಪಿಕೊಳ್ತಾನಾ, ಪಂದ್ಯ ಮುಗಿದ ಮೇಲೆ ಟೆಂಟ್ ಮಡಚೋಕೆ ನಿಲ್ತಾನಾ ಅಥವಾ ಕಾರು ಹತ್ತಿ ಹೋಗ್ತಾನಾ, ಇದೂ ಬರುತ್ತೆ. ಅವರ ಅಭಿಪ್ರಾಯ ಕೇಳಿ ಆಮೇಲೆ ರಾಜ ರಾಣಿ ಕೊಡಬೇಕು. ಸಿಗೋದು ಒಂದು ಬಿಳಿ ಬೆಲ್ಟು, ಒಂದು ಚಿನ್ನದ ಬಣ್ಣದ ಸರ, ಕುದುರೆ ಸವಾರರು ಹಿಮ್ಮಡಿಗೆ ಕಟ್ಟೋ ಥರದ ಮುಳ್ಳು. ಬಿಳಿ ಬೆಲ್ಟನ್ನು ಬೇರೆ ಯಾರೂ ಕಟ್ಟೋ ಹಾಗಿಲ್ಲ. ಹೀಗಾಗಿ ಡ್ಯೂಕ್ ಅಂದರೆ ಎರಡು ದಿನ ಎಲ್ಲರಿಗಿಂತ ಚೆನ್ನಾಗಿ ಹೊಡೆದಾಡಿದವನು ಅಂತಷ್ಟೇ ಖಾತ್ರಿ. ನನ್ನ ಕೇಳಿದರೆ ಕಿರೀಟಕ್ಕಿಂತ ಬೆಲ್ಟೇ ದೊಡ್ಡದು. ಅದನ್ನು ಗೆಲ್ಲೋಕೆ ಆಗಲ್ಲ, ಕೊಡಬೇಕು.

ಬ್ಯಾರನ್ ಪದವಿ ಕೆಲಸ ಮಾಡಿದ್ದಕ್ಕೂ ಸಿಗುತ್ತೆ. ಹೊಲಿಗೆ, ಅಡುಗೆ, ಸಂಗೀತ, ಬರವಣಿಗೆಯಲ್ಲಿ ಪಳಗಿದವರಿಗೆ ‘ಲಾರೆಲ್’ ಅಂತ, ಪಾತ್ರೆ ತೊಳೆದು, ಲೆಕ್ಕ ಬರೆದು, ವರ್ಷಗಟ್ಟಲೆ ಸಂಘ ನಡೆಸಿದವರಿಗೆ ‘ಪೆಲಿಕನ್’ ಅಂತ, ಇವೆರಡೂ ನೈಟ್‌ಗೆ ಸರಿಸಮ. ಪಾತ್ರೆ ತೊಳೆದವರಿಗೆ ನೈಟ್ ಸಮನಾದ ಗೌರವ ಕೊಡೋ ಸಂಘ ನಮ್ಮ ಮೈಸೂರಲ್ಲಿ ಒಂದಿದ್ದರೆ ಹೇಳು ತಮ್ಮಾ, ನಾಳೆನೇ ಚಂದಾ ಕಟ್ಟುತ್ತೇನೆ.

ನಮ್ಮ ದಸರಾ ಕುಸ್ತಿಯಲ್ಲೂ ಬಿರುದಿದೆ: ದಸರಾ ಕಂಠೀರವ, ದಸರಾ ಕೇಸರಿ, ದಸರಾ ಕುಮಾರ. ಬೆಳ್ಳಿ ಗದೆ ಹೊತ್ತು ಊರಿಗೆ ಹೋದರೆ ತಮಟೆ ಬಡಿಯುತ್ತಾರೆ. ಆದರೆ ಮುಂದಿನ ವರ್ಷ ಮತ್ತೊಬ್ಬ ಕೇಸರಿ ಬಂದಾಗ ಹಳಬನಿಗೆ ಕೂರೋಕೆ ಕುರ್ಚಿ ಹಾಕ್ತಾರಾ ಅಂತ ಇಟ್ಟಿಗೆಗೂಡಿನ ಉಸ್ತಾದರನ್ನೇ ಕೇಳಬೇಕು.

ಪ್ರಶ್ನೆ: ನಮ್ಮ ಸಂವಿಧಾನದ 18ನೇ ವಿಧಿ ಪ್ರಕಾರ ಭಾರತದ ಪ್ರಜೆ ವಿದೇಶಿ ಬಿರುದು ತಗೊಳ್ಳೋ ಹಾಗಿಲ್ಲ. ಮಂಡ್ಯದ ಆ ಹುಡುಗ ರಾಜನೋ ಕೌಂಟೋ ಆದರೆ ಕಾನೂನು ತೊಂದರೆ ಬರಲ್ವಾ?
— ನಿವೃತ್ತ ನೌಕರ, ಮಂಡ್ಯ

ಉತ್ತರ: ಸಾರ್, ವಿಧಿ ಸರಿಯಾಗಿಯೇ ನೆನಪಿಟ್ಟಿದ್ದೀರಿ. ಆದರೆ ಅದು ಹೇಳೋದು ವಿದೇಶಿ ‘ರಾಜ್ಯ’ ಅಂದರೆ ಸರ್ಕಾರ ಕೊಡೋ ಬಿರುದಿನ ಬಗ್ಗೆ. ಇದು ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿಸಿದ ಲಾಭವಿಲ್ಲದ ಸಂಘ. ನಮ್ಮೂರಿನ ಕ್ಲಬ್ಬಿನ ಅಧ್ಯಕ್ಷಗಿರಿಗೆ ಎಷ್ಟು ಕಾನೂನಿನ ತೂಕವೋ ಇದಕ್ಕೂ ಅಷ್ಟೇ. ರಾಜನಿಗೂ ಮೇಲೆ ಸಂಘದ ಆಡಳಿತ ಮಂಡಳಿ ಇದೆ, ನಿಯಮ ಮೀರಿದರೆ ಕಿರೀಟ ಕಿತ್ತುಕೊಳ್ಳುತ್ತಾರೆ. ಪಾಸ್‌ಪೋರ್ಟಿನಲ್ಲಿ ಕೌಂಟ್ ಅಂತ ಹಾಕಿಸೋಕೆ ಹೋಗದಿದ್ದರೆ ಸಾಕು. ನಿಜವಾದ ರಾಜರಿಗೇ ನಾವು 1971ರಲ್ಲಿ 26ನೇ ತಿದ್ದುಪಡಿ ತಂದು ರಾಜಧನ ನಿಲ್ಲಿಸಿದೆವು, ಬೆತ್ತದ ರಾಜನಿಗೆ ಯಾರು ಹೆದರುತ್ತಾರೆ?

ಪ್ರಶ್ನೆ: ಯುರೋಪಿನ ಕೌಂಟು ಡ್ಯೂಕುಗಳ ಕತೆ ಯಾಕೆ ಸ್ವಾಮಿ? ನಮ್ಮಲ್ಲಿ ಯುದ್ಧ ಗೆದ್ದು ಬಿರುದು ಪಡೆದವರು ಇರಲಿಲ್ಲವಾ? ಅದನ್ನು ಬರೆಯಿರಿ.
— ಮಾಸ್ತರು, ಮದ್ದೂರು ತಾಲ್ಲೂಕು

ಉತ್ತರ: ಮೇಷ್ಟ್ರೇ, ನಿಮ್ಮ ತಾಲ್ಲೂಕಿನಲ್ಲೇ ಕಲ್ಲು ಸಿಕ್ಕಿದೆ, ನೀವು ನನ್ನ ಕೇಳ್ತೀರಲ್ಲ!

ಬಿರುದಿಗೇನು ಬರ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಿಗೆ ಗೋನೂರಿನ ಬಯಲಿನಲ್ಲಿ ನೊಳಂಬರ ಜೊತೆ ಕಾದಿದ್ದಕ್ಕೆ ‘ವೀರಮಾರ್ತಂಡ’, ಉಚ್ಚಂಗಿ ಕೋಟೆಯ ಕಾಳಗಕ್ಕೆ ‘ರಣರಂಗಸಿಂಗ’. ಒಂದೊಂದು ಯುದ್ಧಕ್ಕೆ ಒಂದೊಂದು. ಕಾಲಿಗೆ ಗಂಡಪೆಂಡೇರ, ಹಣೆಗೆ ಪಟ್ಟ. ನಾವು ಇವತ್ತಿಗೂ ‘ಪಟ್ಟ ಕಟ್ಟಿದರು’ ಅಂತೀವಿ, ಹಣೆಗೆ ಕಟ್ಟೋ ಆ ಪಟ್ಟಿಯಿಂದ ಬಂದ ಮಾತು ಅದು.

ಆದರೆ ನನಗೆ ತುಂಬ ಹಿಡಿಸಿದ್ದು ನಿಮ್ಮ ತಾಲ್ಲೂಕಿನ ಆ ಆತಕೂರಿನ ಕಲ್ಲು. 949ನೇ ಇಸವಿಯಲ್ಲಿ ತಕ್ಕೋಲದಲ್ಲಿ ಯುದ್ಧ. ಒಂದು ಕಡೆ ರಾಷ್ಟ್ರಕೂಟರ ಮೂರನೇ ಕೃಷ್ಣ, ಅವನ ಜೊತೆ ಗಂಗರ ಬೂತುಗ. ಇನ್ನೊಂದು ಕಡೆ ಚೋಳರ ರಾಜಾದಿತ್ಯ. ರಾಜಾದಿತ್ಯ ಸತ್ತ. ಆ ಕಾಳಗದಲ್ಲಿ ಬೂತುಗನ ಕಣ್ಣೆದುರೇ ಚೆನ್ನಾಗಿ ಕಾದಿದವನು ಮಣಲೇರ ಅಂತ ಅವನ ಕಡೆಯ ಒಬ್ಬ ಯೋಧ. ಬೂತುಗನಿಗೆ ಖುಷಿಯಾಯಿತು. "ಏನು ಬೇಕು ಕೇಳು" ಅಂದ. ಕೇಳಬಹುದಿತ್ತು, ಏನು ಬೇಕಾದರೂ ಕೇಳಬಹುದಿತ್ತು. ಮಣಲೇರ ಕೇಳಿದ್ದು ಬೂತುಗನ ಹತ್ತಿರ ಇದ್ದ ನಾಯಿ! ಅದರ ಹೆಸರು ಕಾಳಿ. ಕೊಡು ಅಂದ, ಕೊಟ್ಟ. ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಕಾದಿ, ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಆತಕೂರಿನ ದೇವಸ್ಥಾನದ ಮುಂದೆ ನಾಯಿಗೆ ವೀರಗಲ್ಲು ನೆಡಿಸಿ ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಒಂದಕ್ಕೊಂದು ಹಿಡಿದುಕೊಂಡಿರೋ ಚಿತ್ರ ಇದೆ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ, ಹೋದಾಗ ನೋಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.

ಅದೇ ಕಲ್ಲಿನಲ್ಲಿ ಇನ್ನೊಂದು ಪದ ಇದೆ, ‘ಬಾಳ್ಗಚ್ಚು’. ಬಾಳು ಅಂದರೆ ಕತ್ತಿ, ಕಚ್ಚು ಅಂದರೆ ತೊಳೆ. ರಕ್ತ ಮೆತ್ತಿದ ಕತ್ತಿಯನ್ನು ತೊಳೆದ ಲೆಕ್ಕದಲ್ಲಿ ಕೊಡೋ ಭೂಮಿ. ಯುದ್ಧದಲ್ಲಿ ಸತ್ತವನ ಮನೆಯವರಿಗೆ ಕೊಟ್ಟರೆ ಅದು ‘ನೆತ್ತರುಕೊಡಗೆ’. ಈ ಪದಗಳನ್ನು ಒಂದು ಸಲ ಜೋರಾಗಿ ಹೇಳಿ ನೋಡಿ ಮೇಷ್ಟ್ರೇ. ಕೌಂಟು, ಡ್ಯೂಕು ಎಲ್ಲ ಅದರ ಮುಂದೆ ಸಪ್ಪೆ.

ಮಂಡ್ಯದ ಹುಡುಗ ಅಲ್ಲಿ ಯಾವ ವೇಷದಲ್ಲಿದ್ದಾನೋ ನನಗೆ ಗೊತ್ತಿಲ್ಲ. 17ನೇ ಶತಮಾನಕ್ಕಿಂತ ಹಿಂದಿನ ಕಾಲದವನು ಅಂತ ಆ ಸಂಘದವರು ಒಂದು ಹೆಸರು, ಒಂದು ಹಿನ್ನೆಲೆ ಇಟ್ಟುಕೊಳ್ಳುತ್ತಾರೆ, ಯುರೋಪಿನವನೇ ಆಗಬೇಕು ಅಂತಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಗಂಗರ ಕಾಲದ ಮಂಡ್ಯದ ಬಂಟ ಅಂತಲೇ ಹಾಕಿಕೊಳ್ಳುತ್ತಿದ್ದೆ.

ಪ್ರಶ್ನೆ: ನಾವು ಐದು ಜನ ಇಂಜಿನಿಯರಿಂಗ್ ಹುಡುಗರು. ಮೈಸೂರಲ್ಲಿ ಇಂಥ ಗುಂಪು ಶುರು ಮಾಡೋಣ ಅಂತಿದ್ದೀವಿ. ಬಂಬೂ ಬಜಾರಿನಲ್ಲಿ ಬಿದಿರು ನೋಡಿಕೊಂಡು ಬಂದಿದ್ದೀವಿ, ಚೀಪಾಗಿದೆ. ಬೈಕ್ ಹೆಲ್ಮೆಟ್ ಇದೆ. ಸಾಕಲ್ವಾ ಅಂಕಲ್?
— ಜೆ.ಪಿ. ನಗರ, ಮೈಸೂರು

ಉತ್ತರ: ಸಾಕಾಗಲ್ಲ. ಮೊದಲು ಆ ಬಿದಿರು ವಾಪಸ್ ಇಡಿ. ಬಿದಿರು ಒಳಗೆ ಟೊಳ್ಳು, ಜೋರಾಗಿ ಬಡಿದರೆ ಸೀಳುತ್ತೆ, ಸೀಳಿದ ಅಂಚು ಚಾಕು ಇದ್ದ ಹಾಗೆ, ಆ ಸಿಬಿರು ಕಣ್ಣಿಗೆ ಹೋದರೆ ಮುಗೀತು. ಬೆತ್ತ ಒಳಗೂ ಗಟ್ಟಿ, ಹಳೇದಾದರೆ ಸೀಳಲ್ಲ, ಪೊರಕೆ ಥರ ನಾರು ನಾರಾಗಿ ಬಿಡುತ್ತೆ, ಆಗ ಎಸೆದು ಹೊಸದು ತಗೋಬೇಕು. ಅವರು ಬೆತ್ತವನ್ನೇ ಹಿಡಿದಿರೋದು ಇದಕ್ಕೇ. ಬೈಕಿನ ಹೆಲ್ಮೆಟ್ ರಸ್ತೆಗೆ ಬಿದ್ದಾಗ ಒಂದೇ ಒಂದು ಏಟಿಗೆ ಅಂತ ಮಾಡಿದ್ದು, ಒಳಗಿನ ಥರ್ಮಾಕೋಲ್ ಒಂದು ಸಲ ಅಪ್ಪಚ್ಚಿಯಾದರೆ ಕೆಲಸ ಮುಗಿಯಿತು. ದಿನಾ ಇಪ್ಪತ್ತು ಏಟು ತಿಂದು ಅದೇ ಹೆಲ್ಮೆಟ್ ಹಾಕಿಕೊಂಡು ರಿಂಗ್ ರೋಡಿಗೆ ಹೋದರೆ ಎರಡೂ ಕಡೆ ಕೆಟ್ಟಿರಿ.

ಒಂದು ಕೆಲಸ ಮಾಡಿ. ಕಬ್ಬಿಣ ಬಡಿಯೋಕೆ ಮುಂಚೆ ಯಾವುದಾದರೂ ಗರಡಿ ಮನೆಗೆ ಹೋಗಿ ಮೂರು ತಿಂಗಳು ಬಸ್ಕಿ ಹೊಡೆಯಿರಿ. ಅಲ್ಲಿ ಬೀಳೋದು ಕಲೀರಿ. ಎರಡನೇ ವಾರಕ್ಕೆ ನಿಮ್ಮ ಐದು ಜನದಲ್ಲಿ ಎಷ್ಟು ಉಳಿದಿರ್ತೀರಿ ಅಂತ ನನಗೊಂದು ಪತ್ರ ಹಾಕಿ.

ಕೊನೆಗೆ ಮತ್ತೆ ಆ ತಾಯಿ: ಸರ್, ಮಗ ಹೊಡೆದಾಡಿ ಬಂದ. ಮೊದಲನೇ ಸುತ್ತು ಗೆದ್ದನಂತೆ, ಆಮೇಲೆ ಎರಡು ಸೋತ. ಎರಡನೇ ಸಲ ಏಟು ಬಿತ್ತು ಅಂತ ಅವನೇ ಒಪ್ಪಿಕೊಂಡು ಸೋತಿದ್ದಂತೆ, ಎದುರಾಳಿಗೆ ತನ್ನ ಏಟು ಸರಿಯಾಗಿ ಬಿತ್ತೋ ಇಲ್ಲವೋ ಗೊತ್ತೇ ಆಗಿರಲಿಲ್ಲವಂತೆ. "ಸುಮ್ನೆ ಇದ್ದಿದ್ರೆ ಆಗ್ತಿತ್ತಲ್ಲೋ" ಅಂದೆ. "ಆಗಲ್ಲ ಅಮ್ಮ" ಅಂದ. ಅವತ್ತು ರಾತ್ರಿ ಯಾರೋ ಒಬ್ಬ ಬಿಳಿ ಬೆಲ್ಟಿನ ಮುದುಕರು ಹುಡುಕಿಕೊಂಡು ಬಂದು ಜೊತೆಗೆ ಊಟಕ್ಕೆ ಕೂತರಂತೆ, ಅದನ್ನೇ ಮೂರು ಸಲ ಹೇಳಿದ. ಈಗ ತೊಡೆ ಊದಿಕೊಂಡಿದೆ. ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕು ಅಂದಿದ್ದೀನಿ, ಸರಿನಾ?
— ವಿದ್ಯಾನಗರ, ಮಂಡ್ಯ

ಉತ್ತರ: ತಿಕ್ಕೋದು ಬೇಡ ಅಕ್ಕ. ಮೊದಲ ಎರಡು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಇಡಲಿ, ಕಾಲು ಎತ್ತರಕ್ಕೆ ಇಟ್ಟು ಮಲಗಲಿ. ಊತ ಹೆಚ್ಚಾದರೆ, ಕಾಲು ಊರೋಕೆ ಆಗದಿದ್ದರೆ ಡಾಕ್ಟರ ಹತ್ತಿರ ಹೋಗಲಿ. ಮತ್ತೆ ಆ ಬೆಲ್ಟಿನ ಮುದುಕರು ಊಟಕ್ಕೆ ಕೂತು ಏನು ಮಾತಾಡಿದರು ಅಂತ ಕೇಳಿ ನನಗೆ ಬರೆಯಿರಿ.